ಹೆಲಿಕಾಪ್ಟರ್ ಹಾರಬೇಕಂದ್ರೆ ಕೆಳಗೆ ಎಷ್ಟು ಕೈ ಬೇಕು?

ವಾಯುಪಡೆಯಲ್ಲಿ ಹೆಲಿಕಾಪ್ಟರ್ ಫಿಟ್ಟರ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಧಾರವಾಡದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಈ ಸಲ ಸೇನಾ ಹೆಲಿಕಾಪ್ಟರ್ ಬಗ್ಗೆ ಬಂದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನಮ್ಮ ಕಡೆ ಊರುಗಳಿಗೆ ನೀರು ನುಗ್ಗಿತ್ತು. ಹೆಲಿಕಾಪ್ಟರ್ ಕಳಿಸ್ರಿ ಅಂತ ಜನ ಕೇಳ್ತಾನೇ ಇದ್ರು. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಇದೆ, ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯೇ ಇದೆ. ಹೆಲಿಕಾಪ್ಟರ್ ಬರೋದು ಯಾಕೆ ಅಷ್ಟು ಕಷ್ಟ?
— ಹೊಳೆಆಲೂರಿನ ಓದುಗರು

ಉತ್ತರ: ಸಾಂಬ್ರಾದಲ್ಲಿರುವುದು ಮುಖ್ಯವಾಗಿ ಏರ್‌ಮನ್‌ಗಳ ತರಬೇತಿ ಶಾಲೆ. ಹೆಲಿಕಾಪ್ಟರ್ ದೂರದ ನೆಲೆಯಿಂದಲೇ ಬರಬೇಕು. ಮೊದಲು ಜಿಲ್ಲಾಡಳಿತ ಕೇಳಬೇಕು, ಆಮೇಲೆ ರಾಜ್ಯ ಸರ್ಕಾರ ಕೇಳಬೇಕು. ಅದೇ ಹೊತ್ತಿಗೆ ಬೇರೆ ಜಿಲ್ಲೆಗಳಿಂದಲೂ ಕರೆ ಬಂದಿರುತ್ತೆ. ಮೋಡ ಕೆಳಗೆ ಇಳಿದಿದ್ದರೆ ಘಟ್ಟದ ಸಾಲು ದಾಟೋಕೆ ಆಗಲ್ಲ.

ಇನ್ನೊಂದು ಲೆಕ್ಕ ಇಂಧನದ್ದು. ಪ್ರವಾಹದಲ್ಲಿ ಜಾಸ್ತಿ ಕಾಣುವುದು ಎಂಐ-17. ಜನ, ಸಾಮಾನು, ಇಂಧನ ಎಲ್ಲ ಸೇರಿ ಅದು 13 ಟನ್ ದಾಟುವಂತಿಲ್ಲ. ಟ್ಯಾಂಕ್ ತುಂಬಿಸಿಕೊಂಡು ಬಂದಷ್ಟೂ ಎತ್ತಿಕೊಳ್ಳುವ ಜನ ಕಡಿಮೆ ಆಗ್ತಾರೆ. ಅದರ ಮೇಲೆ, ಮುಂದಕ್ಕೆ ಹಾರುವುದಕ್ಕಿಂತ ಗಾಳಿಯಲ್ಲಿ ನಿಂತಲ್ಲೇ ನಿಲ್ಲೋಕೆ ಎಂಜಿನ್ ಶಕ್ತಿ ಹೆಚ್ಚು ಬೇಕು. ಹಾಗಾಗಿ ಇಂಧನದ ಲಾರಿ ಹತ್ತಿರದಲ್ಲೇ ಸಿದ್ಧವಾಗಿ ನಿಂತಿರಬೇಕು. ಲಾರಿ ಬರುವ ರಸ್ತೆಯೇ ಮುಳುಗಿದ್ದರೆ ಏನು ಮಾಡೋದು ಹೇಳಿ?

ನಿಮ್ಮ ಕಡೆ ಮೇಲ್ಮುದ್ದಿ ಮನೆಗಳು, ಅಂದ್ರೆ ಮಣ್ಣಿನ ಮಾಳಿಗೆಯ ಮನೆಗಳು ಜಾಸ್ತಿ. ನೆನೆದು ನಿಂತ ಮಾಳಿಗೆ ಮೇಲೆ ರೋಟರ್ ಗಾಳಿ ಬಿದ್ದರೆ ಗೋಡೆ ಕುಸಿಯಬಹುದು. ಪಕ್ಕದ ತಗಡು ಎದ್ದು ರೆಕ್ಕೆಗೆ ಬಡಿಯಬಹುದು. ಅದಕ್ಕೇ ಪೈಲಟ್ ಮೇಲೆಯೇ ನಿಂತು ವಿಂಚ್ ಹಗ್ಗ ಇಳಿಸಿ ಒಬ್ಬೊಬ್ಬರನ್ನೇ ಎತ್ತುತ್ತಾರೆ. ಕೆಳಗೆ ನಿಂತವರಿಗೆ ಅದು ತಡ ಅನ್ನಿಸುತ್ತೆ. ಆ ಸಂಕಟ ನನಗೂ ಗೊತ್ತು.

ಪ್ರಶ್ನೆ: ಸೇನೆ ಹತ್ತಿರ ನೂರಾರು ಹೆಲಿಕಾಪ್ಟರ್ ಇವೆ ಅಂತ ಪೇಪರ್‌ನಲ್ಲಿ ಓದುತ್ತೇವೆ. ಹಾಗಿದ್ದರೂ ಕೊರತೆ ಅನ್ನೋ ಮಾತು ಯಾಕೆ?
— ಹುಬ್ಬಳ್ಳಿ ವಿದ್ಯಾನಗರದ ಓದುಗರು

ಉತ್ತರ: ಪಟ್ಟಿಯಲ್ಲಿರುವ ಹೆಲಿಕಾಪ್ಟರ್ ಬೇರೆ, ಇವತ್ತು ಬೆಳಿಗ್ಗೆ ಹಾರೋಕೆ ಸಿದ್ಧವಿರುವ ಹೆಲಿಕಾಪ್ಟರ್ ಬೇರೆ. ನನ್ನ ಸರ್ವಿಸ್ ಪೂರ್ತಿ ಕಳೆದದ್ದು ಈ ಎರಡರ ನಡುವಿನ ಅಂತರದಲ್ಲೇ.

ಹೆಲಿಕಾಪ್ಟರ್‌ನ ದೊಡ್ಡ ಭಾಗಗಳಿಗೆಲ್ಲ ಇಷ್ಟು ಗಂಟೆ, ಇಷ್ಟು ವರ್ಷ ಅಂತ ಆಯಸ್ಸು ಬರೆದಿರುತ್ತೆ. ರೋಟರ್ ಬ್ಲೇಡ್, ಗೇರ್‌ಬಾಕ್ಸ್, ಎಂಜಿನ್, ಎಲ್ಲಕ್ಕೂ. ಆಯಸ್ಸು ಮುಗಿದರೆ ಎಷ್ಟೇ ಚೆನ್ನಾಗಿ ಕಂಡರೂ ಬಿಚ್ಚಲೇಬೇಕು. ಕೆಲವೊಮ್ಮೆ ಮುಗಿಯುವ ಮುಂಚೆಯೇ ಬಿಚ್ಚುವ ಪ್ರಸಂಗ ಬರುತ್ತೆ. ಗೇರ್‌ಬಾಕ್ಸ್‌ನ ಎಣ್ಣೆಯಲ್ಲಿ ಅಯಸ್ಕಾಂತದ ಸಣ್ಣ ಪ್ಲಗ್ ಇರುತ್ತೆ. ಅದನ್ನು ಹೊರಗೆ ತೆಗೆದು, ಎಣ್ಣೆ ಒರೆಸಿ, ಭೂತಗನ್ನಡಿ ಹಿಡಿದು ನೋಡುತ್ತಿದ್ದೆವು. ಬೂದಿಯಂಥ ನವಿರು ಪುಡಿ ಅಂಟಿದ್ದರೆ ಹೆದರಬೇಕಿಲ್ಲ, ಅದು ಸಾಧಾರಣ ಸವೆತ. ಹೊಳೆಯುವ ಒಂದು ಚಕ್ಕೆ ಕಂಡಿತೋ, ಒಳಗೆ ಬೇರಿಂಗೋ ಹಲ್ಲೋ ಕಿತ್ತು ಬರುತ್ತಿದೆ ಅನ್ನೋ ಅನುಮಾನ. ಎಣ್ಣೆ ಪರೀಕ್ಷೆಯಲ್ಲೂ ಅದೇ ಬಂದರೆ ಗೇರ್‌ಬಾಕ್ಸ್ ಕೆಳಗೆ ಇಳಿಯಬೇಕು. ಅದಕ್ಕೆ ಕ್ರೇನ್ ಬೇಕು, ಇನ್ನೊಂದು ಗೇರ್‌ಬಾಕ್ಸ್ ಬೇಕು, ಕೂರಿಸಿದ ಮೇಲೆ ನೆಲದಲ್ಲೇ ಓಡಿಸಿ ಕಂಪನ ಅಳೆಯಬೇಕು. ಇನ್ನೊಂದು ಗೇರ್‌ಬಾಕ್ಸ್ ಇಲ್ಲ ಅಂದ್ರೆ ಹೆಲಿಕಾಪ್ಟರ್ ಹ್ಯಾಂಗರ್‌ನಲ್ಲಿ ಸುಮ್ನೆ ನಿಲ್ಲುತ್ತೆ. ನಾವು ಅದನ್ನು ‘ಎಒಜಿ’ (ಏರ್‌ಕ್ರಾಫ್ಟ್ ಆನ್ ಗ್ರೌಂಡ್) ಅಂತಿದ್ದೆವು.

ಆಗ ಶುರುವಾಗುವುದು ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕುವ ಕೆಲಸ. ಯಾವುದಾದರೂ ಬಸ್ ಡಿಪೊದ ಹಿಂದೆ ಹೋಗಿ ನೋಡಿ, ನಿಂತ ಬಸ್ಸಿನಿಂದ ಭಾಗ ತೆಗೆದು ಓಡುವ ಬಸ್ಸಿಗೆ ಹಾಕುತ್ತಾರಲ್ಲ, ಹಾಗೆಯೇ. ಇವತ್ತಿನ ಹಾರಾಟವೇನೋ ನಡೆಯುತ್ತೆ. ಆದರೆ ಒಂದು ಭಾಗಕ್ಕೆ ಎರಡು ಸಲ ಬಿಚ್ಚುವ ದುಡಿಮೆ, ಬಿಚ್ಚುವಾಗ ಪೆಟ್ಟಾಗುವ ಅಪಾಯ, ನಿಂತದ್ದು ಇನ್ನಷ್ಟು ದಿನ ನಿಲ್ಲುವುದು. ಇದನ್ನು ಅಭ್ಯಾಸ ಮಾಡಿಕೊಂಡ ತುಕಡಿ ಒಳಗೊಳಗೇ ಸೊರಗುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಬಿಡಿಭಾಗ ಬರುವ ದಾರಿಯೂ ಒಂದೇ ಅಲ್ಲ. ನಾವು ಕೊಂಡ 151 ಎಂಐ-17 ವಿ5ಗಳು ತಯಾರಾದದ್ದು ರಷ್ಯಾದ ಕಜಾನ್‌ನಲ್ಲಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾಕ್ಕೆ ಹಣ ಕಳಿಸುವುದೂ ಸಾಮಾನು ತರಿಸುವುದೂ ತೊಡಕಾಯಿತು. ಚಿನೂಕ್, ಅಪಾಚೆಗೆ ಅಮೆರಿಕದ ದಾರಿ. ಚೇತಕ್, ಚೀತಾ ಹುಟ್ಟಿದ್ದು ಫ್ರಾನ್ಸಿನ ವಿನ್ಯಾಸದಿಂದ, ಅದೂ ಹೆಚ್ಚುಕಡಿಮೆ ಅರವತ್ತು ವರ್ಷ ಹಿಂದೆ. ಒಂದೊಂದಕ್ಕೂ ಬೇರೆ ಸ್ಪ್ಯಾನರ್, ಬೇರೆ ಎಣ್ಣೆ, ಬೇರೆ ಪುಸ್ತಕ, ಬೇರೆ ತರಬೇತಿ.

ಹಾಗಂತ ಎಲ್ಲವನ್ನೂ ಒಂದೇ ಮಾದರಿಗೆ ಇಳಿಸಿದರೆ ಸರಿಹೋಗುತ್ತಾ? ಅದರ ಅಪಾಯವನ್ನೂ ಇತ್ತೀಚೆಗೆ ನೋಡಿದೆವು. 2025ರ ಜನವರಿ 5ರಂದು ಪೋರಬಂದರ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ತೀರಿಕೊಂಡರು. ಅದಾದ ಮೇಲೆ ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳ ಹಾರಾಟ ನಿಲ್ಲಿಸಿದರು. ಭೂಸೇನೆ, ವಾಯುಪಡೆಯವು ಮತ್ತೆ ಏಳುವ ಹೊತ್ತಿಗೆ ಮೂರು ತಿಂಗಳು ಮೀರಿತ್ತು. ಅಷ್ಟು ದಿನ ಗಡಿಯ ಠಾಣೆಗಳಿಗೆ ಅಕ್ಕಿ, ಔಷಧ, ಸೀಮೆಎಣ್ಣೆ ಸಾಗಿಸುವ ಭಾರ ಉಳಿದವುಗಳ ಮೇಲೆ ಬಿತ್ತು. ಸಿಯಾಚಿನ್‌ನ ಎತ್ತರದ ಠಾಣೆಗೆ ಚೀತಾ ಒಂದು ಸಲಕ್ಕೆ ಹೊರುವುದು ಒಂದೆರಡು ಜೆರ್ರಿಕ್ಯಾನ್‌ನಷ್ಟು. ಎಷ್ಟು ಸಲ ಹೋಗಿ ಬರಬೇಕು ಅಂತ ನೀವೇ ಯೋಚಿಸಿ. ನಿಲ್ಲಿಸಿದ್ದು ಮಾತ್ರ ಸರಿ. ಅನುಮಾನ ಇರುವ ಯಂತ್ರಕ್ಕೆ ಸಹಿ ಹಾಕಬಾರದು.

ಪ್ರಶ್ನೆ: ಭೂಸೇನೆ, ವಾಯುಪಡೆ ಎರಡಕ್ಕೂ ಬೇರೆ ಬೇರೆ ಹೆಲಿಕಾಪ್ಟರ್ ಯಾಕೆ? ಒಂದೇ ಪಡೆ ಸಾಲದಾ?
— ಗದಗಿನ ಓದುಗರು

ಉತ್ತರ: ಭೂಸೇನೆಯ ಆರ್ಮಿ ಏವಿಯೇಷನ್ ಕೋರ್ 1986ರ ನವೆಂಬರ್ 1ರಂದು ಶುರುವಾಯಿತು. ಯುದ್ಧಭೂಮಿಯಲ್ಲಿ ನಿಂತ ಕಮಾಂಡರ್‌ಗೆ ತನ್ನ ಕೈಯಲ್ಲೇ ಹೆಲಿಕಾಪ್ಟರ್ ಇರಬೇಕು ಅನ್ನೋದು ನ್ಯಾಯವೇ. ಆದರೆ ಉಗ್ರಾಣ ಎರಡೇಕೆ? 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ದಾಳಿ ಹೆಲಿಕಾಪ್ಟರ್‌ಗಳಿಗೆ ಒಪ್ಪಂದ ಆಯಿತು. 90 ಭೂಸೇನೆಗೆ, 66 ವಾಯುಪಡೆಗೆ. ತಯಾರಾಗುವುದು ನಮ್ಮ ಬೆಂಗಳೂರು, ತುಮಕೂರಿನಲ್ಲಿ. ಯಂತ್ರ ಒಂದೇ ಆದ ಮೇಲೆ ಬಿಡಿಭಾಗದ ಲೆಕ್ಕವೂ ಒಂದೇ ಇರಲಿ. ಒಬ್ಬರ ಕಪಾಟಿನಲ್ಲಿ ಪಂಪ್ ಧೂಳು ತಿನ್ನುತ್ತಿರುವಾಗ ಇನ್ನೊಬ್ಬರ ಹೆಲಿಕಾಪ್ಟರ್ ಅದೇ ಪಂಪ್‌ಗೆ ಕಾಯುವಂತಾಗಬಾರದು.

ಪ್ರಶ್ನೆ: ಮಗ ಪಿಯುಸಿ ಓದ್ತಿದ್ದಾನೆ. ಹೆಲಿಕಾಪ್ಟರ್ ರಿಪೇರಿ ಕೆಲಸಕ್ಕೆ ಸೇರಬೇಕು ಅಂತಾನೆ. ಕಳಿಸಬಹುದಾ?
— ಹಾವೇರಿಯ ಒಬ್ಬ ತಾಯಿ

ಉತ್ತರ: ಧಾರಾಳವಾಗಿ ಕಳಿಸಿ, ಅಮ್ಮಾ. ಕೆಲಸದ ಸ್ವಭಾವ ಮಾತ್ರ ಮೊದಲೇ ತಿಳಿದಿರಲಿ. ನಮ್ಮ ಟೂಲ್ ಬೋರ್ಡ್ ಮೇಲೆ ಪ್ರತಿ ಸ್ಪ್ಯಾನರ್‌ನ ಆಕಾರ ಬಣ್ಣದಲ್ಲಿ ಬರೆದಿರುತ್ತೆ. ಸಂಜೆ ಒಂದು ಜಾಗ ಖಾಲಿ ಕಂಡರೆ ಯಾರೂ ಮನೆಗೆ ಹೋಗುವಂತಿಲ್ಲ. ಅದು ಸಿಗುವ ತನಕ ಹೆಲಿಕಾಪ್ಟರೂ ಏಳುವುದಿಲ್ಲ, ಯಾಕಂದ್ರೆ ಅದು ಕಂಟ್ರೋಲ್ ರಾಡ್ ಪಕ್ಕ ಬಿದ್ದಿರಬಹುದು. ಕೆಲಸ ಮುಗಿದ ಮೇಲೆ ಫಾರ್ಮ್ 700ರಲ್ಲಿ, ಅಂದ್ರೆ ಹೆಲಿಕಾಪ್ಟರ್‌ನ ದುರಸ್ತಿ ದಾಖಲೆಯಲ್ಲಿ, ಸಹಿ ಹಾಕಬೇಕು. ಆ ಸಹಿ ನಂಬಿ ಪೈಲಟ್ ಹತ್ತುತ್ತಾರೆ.

ಈಗ ಸೇರುವ ದಾರಿ ಅಗ್ನಿವೀರ್ ವಾಯು, ಅಂದ್ರೆ ವಾಯುಪಡೆಯ ನಾಲ್ಕು ವರ್ಷದ ನೇಮಕಾತಿ. ನಾಲ್ಕು ವರ್ಷ ಆದ ಮೇಲೆ ಶೇ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಇದು ನನಗೆ ಚಿಂತೆಯ ವಿಷಯ. ಶಬ್ದ ಕೇಳಿಯೇ ಬೇರಿಂಗ್ ಸವೆದಿದೆ ಅಂತ ಹೇಳುವ ಫಿಟ್ಟರ್ ನಾಲ್ಕು ವರ್ಷದಲ್ಲಿ ತಯಾರಾಗಲ್ಲ. ತಾಂತ್ರಿಕ ವಿಭಾಗದಲ್ಲಿ ಇನ್ನೂ ಹೆಚ್ಚು ಹುಡುಗರನ್ನು ಉಳಿಸಿಕೊಳ್ಳಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ವಿಜ್ಞಾನ ವಿಭಾಗದಿಂದ ಸೇರೋಕೆ ಪಿಯುಸಿಯಲ್ಲಿ ಗಣಿತ, ಫಿಸಿಕ್ಸ್, ಇಂಗ್ಲಿಷ್ ಇರಬೇಕು. ಒಟ್ಟು ಶೇ 50 ಅಂಕ ಬೇಕು, ಇಂಗ್ಲಿಷ್‌ನಲ್ಲೂ ಪ್ರತ್ಯೇಕವಾಗಿ ಶೇ 50 ಬೇಕು. ಎಷ್ಟೋ ಹುಡುಗರು ಎಡವುವುದು ಇಂಗ್ಲಿಷ್‌ನಲ್ಲೇ, ಅದನ್ನು ಈಗಿನಿಂದಲೇ ಓದಿಸಿ.