ಟಿಸಿಗೆ ಕಾಯಬೇಡಿ

ಮಲ್ಪೆ ಬಂದರಿನಲ್ಲಿ ದುಡಿಯುವ ಕೊಪ್ಪಳದ ಕುಟುಂಬದ ಹುಡುಗಿ ಆರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಾಳೆ, ಊರಿಂದ ಟಿಸಿ (ಶಾಲೆಯ ವರ್ಗಾವಣೆ ಪತ್ರ) ಬಂದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಟಿಸಿ ಇಲ್ಲದೆಯೇ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ; ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹೆಡ್‌ಮಾಸ್ತರರು ಗೊಣಗಿದರೆ (ಕೆಲವರು ಗೊಣಗುತ್ತಾರೆ) ಸಿಆರ್‌ಪಿಗೆ (ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೇಳಿ, ಆಗಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಆದರೆ ಟಿಸಿ ಬರೀ ನೆಪವೂ ಇರಬಹುದು. ಅಮ್ಮ ನಸುಕಿಗೇ ಮೀನಿನ ಕೆಲಸಕ್ಕೆ ಹೋದರೆ ಪುಟ್ಟ ತಮ್ಮನನ್ನು ನೋಡಿಕೊಳ್ಳುವವರು ಯಾರು? ಅದನ್ನು ಮೊದಲು ಕೇಳಿ. ಅವನಿಗೆ ಮೂರು ತುಂಬಿದ್ದರೆ ಅಂಗನವಾಡಿಗೆ ಹಾಕಿಸಿ.

ಇನ್ನೊಂದು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಕೆಲಸವಿಲ್ಲವೆಂದು ಮನೆಯವರೆಲ್ಲ ಊರಿಗೆ ಹೊರಟರೆ ಶಾಲೆಯ ಆರಂಭವೇ ತಪ್ಪುತ್ತದೆ. ಮೇ ತಿಂಗಳಲ್ಲೇ ಅಪ್ಪನ ಹತ್ತಿರ ಮಾತಾಡಿಬಿಡಿ.