ಪೆನ್ಸಿಲ್ ಕಡ್ಡಿಯಿಂದ ಹೈಡ್ರೋಜನ್ ಮಾಡುವಾಗ ನೀರು ಕಪ್ಪಾಗುವುದು ಯಾಕೆ?

ಉಪ್ಪುನೀರಿಗೆ ಎರಡು ಪೆನ್ಸಿಲ್ ಕಡ್ಡಿ ಇಳಿಸಿ 9 ವೋಲ್ಟ್ ಬ್ಯಾಟರಿ ಕೊಟ್ಟಿದ್ದೀರಿ. ಗುಳ್ಳೆ ಬಂತು, ಜೊತೆಗೆ ಘಾಟು ಬಂತು, ನೀರು ಕಪ್ಪಾಯಿತು. ಈ ಗ್ಯಾಸಿನಿಂದ ಒಲೆ ಉರಿಸಬಹುದಾ ಅಂತಲೂ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಈ ಪ್ರಯೋಗವನ್ನು ಪ್ರತಿವರ್ಷ ಮಾಡಿಸುತ್ತೇನೆ.

ಮೊದಲು ಘಾಟಿನ ವಿಷಯ. ಅದು ಕ್ಲೋರಿನ್. ಬ್ಲೀಚಿಂಗ್ ಪೌಡರ್ ಡಬ್ಬಿ ತೆರೆದಾಗ ಬರುತ್ತದಲ್ವಾ, ಅದೇ ವಾಸನೆ. ಉಪ್ಪಿನಲ್ಲಿರುವ ಕ್ಲೋರೈಡ್ ಪ್ಲಸ್ ಕಡೆಯ ಕಡ್ಡಿಗೆ ಹೋಗಿ ಕ್ಲೋರಿನ್ ಆಗಿ ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಉಸಿರಾಡಬೇಡಿ. ಇನ್ನು ಮುಂದೆ ಉಪ್ಪು ಬೇಡ. ಒಂದು ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಸಾಕು. ಅದಿಲ್ಲದಿದ್ದರೆ ಅಡುಗೆ ಸೋಡಾ ಹಾಕಿ. ಹತ್ತನೇ ತರಗತಿ ಪುಸ್ತಕದ ಚಟುವಟಿಕೆಯಲ್ಲಿ ನೀರು ಬೆರೆಸಿ ತೆಳುವಾಗಿಸಿದ ಸಲ್ಫ್ಯೂರಿಕ್ ಆಮ್ಲದ ಕೆಲವು ಹನಿ ಹಾಕುತ್ತಾರೆ. ಮನೆಯಲ್ಲಿ ಆಮ್ಲದ ಸಹವಾಸವೇ ಬೇಡ.

ಈಗ ಕಪ್ಪು ಬಣ್ಣ. ನೀರು ಕೊಳೆಯಾಗಿಲ್ಲ, ನಿಮ್ಮ ಕಡ್ಡಿಯೇ ಸವೆಯುತ್ತಿದೆ. ಎರಡೂ ಕಡ್ಡಿಯನ್ನು ಹೊರತೆಗೆದು ನೋಡಿ. ಮೈನಸ್ ಕಡೆಯದು ಹಾಗೇ ಇರುತ್ತದೆ, ಪ್ಲಸ್ ಕಡೆಯದು ಮಾತ್ರ ಸವೆದಿರುತ್ತದೆ. ಕರೆಂಟ್ ಹರಿದಾಗ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತದೆ. ಹೈಡ್ರೋಜನ್ ಬರುವುದು ಮೈನಸ್ ಕಡೆ. ಅಲ್ಲಿ ಕಡ್ಡಿಯಲ್ಲಿರುವ ಗ್ರಾಫೈಟ್‌ಗೆ ತೊಂದರೆ ಇಲ್ಲ. ಪ್ಲಸ್ ಕಡೆ ಕ್ಲೋರಿನ್ ಜೊತೆಗೆ ಆಕ್ಸಿಜನ್ ಕೂಡ ಹುಟ್ಟುತ್ತದೆ. ಗ್ರಾಫೈಟ್ ಅಂದರೆ ಕಾರ್ಬನ್, ಒಂಥರಾ ಇದ್ದಿಲಿನ ನೆಂಟ. ಅದನ್ನು ಆಕ್ಸಿಜನ್ ತಿನ್ನುತ್ತದೆ. ಸ್ವಲ್ಪ ಭಾಗ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉಳಿದದ್ದು ಪದರ ಸಡಿಲವಾಗಿ ಪುಡಿಯಾಗಿ ಉದುರುತ್ತದೆ. ನೀವು ಕಂಡ ಕಪ್ಪು ಆ ಪುಡಿ.

ಇದರಿಂದ ಇನ್ನೊಂದು ವಿಷಯವೂ ಆಗುತ್ತದೆ. ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು ಬರಬೇಕು ಅಂತ ಓದಿರುತ್ತೇವೆ. ಗ್ರಾಫೈಟ್ ಬಳಸಿದರೆ ಆಕ್ಸಿಜನ್ ಅರ್ಧಕ್ಕಿಂತ ಕಡಿಮೆಯೇ ಸಿಗುತ್ತದೆ, ಕಡ್ಡಿ ತನ್ನ ಪಾಲು ತೆಗೆದುಕೊಂಡಿರುತ್ತದೆ. ಲೆಕ್ಕ ತಪ್ಪಿತು ಅಂತ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಈ ಪ್ರಯೋಗದಲ್ಲಿ ಅತಿ ಇಷ್ಟದ ಭಾಗವೇ ಅದು. ಪ್ಲಾಟಿನಂ ತಂತಿ ಹೀಗೆ ಸವೆಯುವುದಿಲ್ಲ, ಆದರೆ ನಮಗೆ ಎಟುಕುವುದಿಲ್ಲ. ಪ್ಲಸ್ ಕಡೆ ಸ್ಟೀಲ್ ಚಮಚ ಹಾಕಲು ಹೋಗಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರಬಹುದು. ಮೈನಸ್ ಕಡೆ ಹಾಕಿದರೆ ಪರವಾಗಿಲ್ಲ. ಹೈಡ್ರೋಜನ್ ಅಲ್ಲಿ ಗ್ರಾಫೈಟ್‌ಗಿಂತ ಸಲೀಸಾಗಿಯೇ ಬರುತ್ತದೆ.

ಇನ್ನು ಒಲೆ. 1 ಆಂಪಿಯರ್ ಕರೆಂಟ್ ಒಂದು ಗಂಟೆ ಪೂರ್ತಿ ಹರಿದರೆ ಸಿಗುವುದು ಸುಮಾರು 450 ಮಿಲಿಲೀಟರ್ ಹೈಡ್ರೋಜನ್. ಅದರ ಶಾಖ ಒಂದಿಷ್ಟೂ ಪೋಲಾಗದಿದ್ದರೂ ಒಂದು ಲೋಟ ಚಹಾ ನೀರು ಕುದಿಯಲು ಒಂಬತ್ತು ಹತ್ತು ಗಂಟೆ ಗ್ಯಾಸ್ ಕೂಡಿಡಬೇಕು. ನೀರು ಒಡೆಯಲು 1.23 ವೋಲ್ಟ್ ಇದ್ದರೆ ಸಾಕು ಅನ್ನುವುದು ಸಿದ್ಧಾಂತ. ನೀವು 9 ವೋಲ್ಟ್ ಕೊಟ್ಟಾಗ ಹೆಚ್ಚಿನ ಪಾಲು ಸುಮ್ನೆ ನೀರು ಬಿಸಿಯಾಗಲು ಹೋಗುತ್ತದೆ. ಕಾರ್ಖಾನೆಗಳಲ್ಲಿ ನಿಕ್ಕಲ್ ತಟ್ಟೆ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಳಸಿದರೂ 1 ಕೆಜಿ ಹೈಡ್ರೋಜನ್‌ಗೆ 50 ಯೂನಿಟ್‌ಗಿಂತ ಜಾಸ್ತಿ ವಿದ್ಯುತ್ ಬೇಕು. ಆ ಕರೆಂಟನ್ನು ನೇರವಾಗಿ ಇಂಡಕ್ಷನ್ ಒಲೆಗೆ ಕೊಡುವುದೇ ಒಳ್ಳೆಯದು.

ಪ್ರಯೋಗ ಮಾತ್ರ ಬಿಡಬೇಡಿ. ಎರಡು ಗ್ಯಾಸನ್ನೂ ಒಂದೇ ಪಾತ್ರೆಯಲ್ಲಿ ಹಿಡಿಯಬೇಡಿ. ಬಾಟಲಿಯಲ್ಲಿ ಕೂಡಿಡಬೇಡಿ. ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಮೈನಸ್ ಕಡ್ಡಿಯ ಮೇಲೆ ನೀರು ತುಂಬಿದ ಸಣ್ಣ ಪ್ರನಾಳ ಬೋರಲು ಹಾಕಿ. ತುಂಬಿದ ಮೇಲೆ ಬ್ಯಾಟರಿ ಬಿಚ್ಚಿ, ಬಾಯಿ ಕೆಳಗೇ ಇಟ್ಟು ಪ್ರನಾಳ ಎತ್ತಿ, ಮುಖ ದೂರ ಇಟ್ಟು ಬೆಂಕಿಕಡ್ಡಿ ಹಿಡಿಯಿರಿ. 'ಪಟ್' ಅಂದರೆ ಹೈಡ್ರೋಜನ್ ಸಿಕ್ಕಿದೆ.