ಐಸ್ ಹಾಕಿಯಲ್ಲಿ ಎರಡೂ ತಂಡಕ್ಕೆ ಒಟ್ಟಿಗೆ ಪೆನಾಲ್ಟಿ ಬಿದ್ದರೆ ಒಮ್ಮೆ 4-4, ಇನ್ನೊಮ್ಮೆ 5-5 ಯಾಕೆ?

ನಾನು ಕೆನಡಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಟಿವಿ ಮುಂದೆ ಕೂತು ಇದನ್ನೇ ಕೇಳಿದ್ದೆ. ಇಬ್ಬರು ಕೈಗವಸು ಬಿಸಾಕಿ ಗುದ್ದಾಡಿದರು. ಇಬ್ಬರಿಗೂ ಐದೈದು ನಿಮಿಷ. ಆದರೆ ಐಸ್ ಮೇಲೆ ಗೋಲ್ ಕೀಪರ್ ಬಿಟ್ಟು ಐದೈದು ಜನ ಇದ್ದೇ ಇದ್ದರು! ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ನೂಕಾಡಿದ್ದಕ್ಕೆ ಎರಡೆರಡು ನಿಮಿಷ ಬಿತ್ತು, ಆಗ ನಾಲ್ಕು ನಾಲ್ಕು ಜನ. ದೊಡ್ಡ ತಪ್ಪಿಗೆ ಜನ ಕಮ್ಮಿಯಾಗಲ್ಲ, ಸಣ್ಣ ತಪ್ಪಿಗೆ ಆಗ್ತಾರೆ. ಇದ್ಯಾವ ನ್ಯಾಯ ಅನ್ನಿಸಿತ್ತು.

ಇಲ್ಲಿ ಎರಡು ವಿಷಯ ಬೇರೆ ಬೇರೆ. ತಪ್ಪು ಮಾಡಿದವನು ಪಕ್ಕದ ಪೆನಾಲ್ಟಿ ಬಾಕ್ಸಿನಲ್ಲಿ ಕೂರುವುದು ಒಂದು. ಅವನ ಜಾಗ ಖಾಲಿ ಉಳಿಯುವುದು ಇನ್ನೊಂದು. ನಮ್ಮ ಮಾಮೂಲಿ ಹಾಕಿಯಲ್ಲಿ ಇವೆರಡೂ ಜೊತೆಗೇ ಬರುತ್ತವೆ: ಹಸಿರು ಕಾರ್ಡ್ ಬಿದ್ದರೆ ಆಟಗಾರ 2 ನಿಮಿಷ ಹೊರಗೆ, ಅಷ್ಟು ಹೊತ್ತು ತಂಡಕ್ಕೆ ಒಬ್ಬ ಕಮ್ಮಿ. ಐಸ್ ಹಾಕಿಯಲ್ಲಿ ಎರಡೂ ಕಡೆಯ ಶಿಕ್ಷೆ ಸಮ ಇದ್ದರೆ ಲೆಕ್ಕ ಚುಕ್ತಾ ಮಾಡಿ, ಬದಲಿ ಆಟಗಾರನನ್ನು ಇಳಿಸಲು ಬಿಡುತ್ತಾರೆ. ಗುದ್ದಾಟದ ಐದೈದು ನಿಮಿಷಕ್ಕೆ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಗುವುದು ಇದೇ. ಗುದ್ದಾಡಿದವರು ಮಾತ್ರ ಬಾಕ್ಸಿನೊಳಗೇ ಇರಬೇಕು. ಸಮಯ ಮುಗಿದರೂ ಆಟ ಮುಂದೆ ಒಮ್ಮೆ ನಿಲ್ಲುವ ತನಕ ಹೊರಗೆ ಬರುವ ಹಾಗಿಲ್ಲ.

4-4 ಆಗುವುದು ಒಂದೇ ಸಂದರ್ಭದಲ್ಲಿ. ಆಟ 5-5 ನಡೀತಿರಬೇಕು, ಗಡಿಯಾರದ ಮೇಲೆ ಬೇರೆ ಪೆನಾಲ್ಟಿ ಇರಬಾರದು, ಎರಡೂ ಕಡೆ ಒಬ್ಬೊಬ್ಬರಿಗೆ ಒಂದೊಂದೇ ಮೈನರ್ (ಎರಡು ನಿಮಿಷದ ಸಣ್ಣ ಶಿಕ್ಷೆ) ಬಿದ್ದಿರಬೇಕು. ಆಗ ಬದಲಿ ಇಲ್ಲ. ಒಂದು ತಂಡ ಆಗಲೇ 5-4ರಲ್ಲಿ ಒದ್ದಾಡುತ್ತಿರುವಾಗ ಇಬ್ಬರಿಗೂ ಮೈನರ್ ಬಿದ್ದರೆ, ಬದಲಿ ಬರುತ್ತಾರೆ, ಆಟ 5-4 ಆಗಿಯೇ ಸಾಗುತ್ತದೆ. 4-4 ಇರುವಾಗ ಗೋಲ್ ಆದರೂ ಯಾರಿಗೂ ಬಿಡುಗಡೆ ಇಲ್ಲ. ಗೋಲ್ ಬಿಟ್ಟುಕೊಟ್ಟ ತಂಡದವನು ಹೊರಗೆ ಬರುವುದು ಅವನ ತಂಡದಲ್ಲಿ ಎದುರಾಳಿಗಿಂತ ಜನ ಕಮ್ಮಿ ಇದ್ದಾಗ ಮಾತ್ರ. ಇಲ್ಲಿ ಇಬ್ಬರೂ ಸಮ, ಅಲ್ವಾ?

ಈ ಒಂದು ಸಂದರ್ಭದ ಹಿಂದೆ ದೊಡ್ಡ ಜಗಳವೇ ಇದೆ. 1980ರ ದಶಕದಲ್ಲಿ ಹೆಸರಾಂತ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಇದ್ದ ಎಡ್ಮಂಟನ್ ಆಯಿಲರ್ಸ್‌ಗೆ 4-4 ಅಂದರೆ ಹಬ್ಬ. ಇನ್ನೂರು ಅಡಿ ಉದ್ದದ ರಿಂಕ್, ಜನ ಕಮ್ಮಿ, ಓಡಲು ಜಾಗ ಜಾಸ್ತಿ. 1985ರಲ್ಲಿ ಲೀಗ್ ನಿಯಮ ಬದಲಿಸಿ ಇಲ್ಲೂ ಬದಲಿ ಆಟಗಾರರನ್ನು ಬಿಟ್ಟಿತು, 4-4 ಹೋಗಿ 5-5 ಆಯಿತು. ಒಂದು ತಂಡ ಚೆನ್ನಾಗಿ ಆಡುತ್ತೆ ಅಂತ ಆಟವನ್ನೇ ಬದಲಿಸಿದ್ದು ನನಗೆ ಇವತ್ತಿಗೂ ಸರಿ ಕಾಣಲ್ಲ. ಆಯಿಲರ್ಸ್ ಅದಾದ ಮೇಲೂ 1987, 1988ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದರು ಅನ್ನೋದು ಬೇರೆ ಮಾತು. 1992-93ರ ಸೀಸನ್‌ಗೆ 4-4 ವಾಪಸ್ ಬಂತು. ಅಷ್ಟರಲ್ಲಿ ಗ್ರೆಟ್ಸ್‌ಕಿ ಲಾಸ್ ಏಂಜಲೀಸ್ ತಂಡ ಸೇರಿ ನಾಲ್ಕು ವರ್ಷ ಆಗಿತ್ತು.

ಶಿಕ್ಷೆ ಸಮ ಇಲ್ಲದಿದ್ದರೆ ಕಳೆಯುವ ಲೆಕ್ಕ. ಒಬ್ಬನಿಗೆ ಎರಡು ಮೈನರ್, ಎದುರಾಳಿಗೆ ಒಂದು ಅಂದುಕೊಳ್ಳಿ. ಒಂದಕ್ಕೊಂದು ವಜಾ, ಉಳಿದ 2 ನಿಮಿಷ ಮಾತ್ರ 5-4. ಆ ಹೆಚ್ಚಿನ ಎರಡು ನಿಮಿಷಕ್ಕೆ ಅವನದೇ ತಂಡದ ಇನ್ನೊಬ್ಬ ಹೋಗಿ ಬಾಕ್ಸಿನಲ್ಲಿ ಕೂರಬೇಕು. ಏನೂ ಮಾಡದವನು ಯಾಕೆ ಒಳಗೆ ಕೂತ ಅಂತ ಮುಂದೆ ನಿಮಗೆ ಅನ್ನಿಸಿದರೆ, ಕಾರಣ ಬಹುಶಃ ಇದೇ.